ಜಾಗೃತಿ ಸಾಕು, ನೀರು ಬಿಡಿ

"ಜನರಲ್ಲಿ ಜಾಗೃತಿ ಇಲ್ಲ."

ಈ ರಾಜ್ಯದಲ್ಲಿ ಇದಕ್ಕಿಂತ ಸೋವಿಯಾದ ವಾಕ್ಯ ಇನ್ನೊಂದಿಲ್ಲ. ಏಪ್ರಿಲ್ 25 ವಿಶ್ವ ಮಲೇರಿಯಾ ದಿನ. ಜೂನ್ ಇಡೀ ತಿಂಗಳು ಮಲೇರಿಯಾ ವಿರೋಧಿ ಮಾಸಾಚರಣೆ. ಒಂದು ಜಾಥಾ, ಒಂದು ಫ್ಲೆಕ್ಸು, ಹಸಿರು ನಿಶಾನೆ ತೋರಿಸೋಕೆ ಒಬ್ಬರು ಗಣ್ಯರು, ಸಾಲಾಗಿ ನಿಂತು ಘೋಷಣೆ ಕೂಗೋಕೆ ಸರ್ಕಾರಿ ಶಾಲೆಯ ಮಕ್ಕಳು. ಮರುದಿನ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ: ಸಾರ್ವಜನಿಕರು ಸುತ್ತಮುತ್ತಲ ಪರಿಸರವನ್ನು ಸ್ವಚ್ಛವಾಗಿ ಇಟ್ಟುಕೊಳ್ಳಬೇಕೆಂದು ಕರೆ. ಕರೆ ಕೊಟ್ಟವರು ಕಾರು ಹತ್ತಿ ಹೋಗ್ತಾರೆ. ಕರೆ ಕೇಳಿದವರು ಮನೆಗೆ ಹೋಗಿ ಇವತ್ತಾದ್ರೂ ನಳ ಬರುತ್ತಾ ಅಂತ ಕಾಯ್ತಾರೆ.

ನಾನು ಕಲಬುರಗಿ ಕಡೆಯವನು. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕುಟ್ಟಿ ಬದುಕೋ ಲಕ್ಷಾಂತರ ಜನರಲ್ಲಿ ಒಬ್ಬ. ನಮ್ಮ ಕಡೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೆಸರು ಇಲ್ಲಿನ ಪತ್ರಿಕೆಗಳಲ್ಲಿ ಬರೋದು ಬರ, ಭೀಮಾ ಪ್ರವಾಹ, ತೊಗರಿ ಬೆಲೆ, ಇಲ್ಲಾ "ಹಿಂದುಳಿದ" ಅನ್ನೋ ವಿಶೇಷಣದ ಜೊತೆಗೆ. ಆ ವಿಶೇಷಣ ಎಷ್ಟು ರೂಢಿಯಾಗಿದೆ ಅಂದ್ರೆ, ಅಲ್ಲಿ ಯಾವ ಕಾಯಿಲೆ ಬಂದರೂ ಕಾರಣ ಮೊದಲೇ ಬರೆದಿಟ್ಟಿರುತ್ತೆ: ಜನಕ್ಕೆ ತಿಳಿಯಲ್ಲ. ನನ್ನ ತಕರಾರು ಈ ಮಾತಿನ ಮೇಲೆ. ಮಲೇರಿಯಾ ತಡೆಯೋ ವಿಷಯದಲ್ಲಿ ಅಲ್ಲಿನ ಮನೆಗಳಿಗೆ ಬೇಕಾದಷ್ಟು ಗೊತ್ತಿದೆ. ಗೊತ್ತಿದ್ದದ್ದನ್ನು ಮಾಡೋಕೆ ಬೇಕಾದ ನೀರು, ಗಾಳಿ, ಜಾಗ, ಕೂಲಿ ಇಲ್ಲ. ಅವನ್ನು ಕೊಡಬೇಕಾದವರು ಕರಪತ್ರ ಕೊಟ್ಟು ಕೈತೊಳೆದುಕೊಳ್ತಿದ್ದಾರೆ.

ಸಾರ್ವಜನಿಕ ಆರೋಗ್ಯದವರ ಬಳಿ ಕೆಎಪಿ ಸರ್ವೇ ಅಂತ ಒಂದಿದೆ. ತಿಳಿವಳಿಕೆ, ಮನೋಭಾವ, ರೂಢಿ ಈ ಮೂರನ್ನೂ ಮನೆಮನೆಗೆ ಹೋಗಿ ಅಳೆಯೋ ಪ್ರಶ್ನಾವಳಿ. ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ತುಂಬಿಸಿಕೊಳ್ಳೋ ಎಂಪ್ಲಾಯೀ ಸರ್ವೇ ಇದ್ದಂಗೆ, ಕೇಳುವವರಿಗೆ ಅನುಕೂಲ ಆದದ್ದನ್ನಷ್ಟೇ ಕೇಳುತ್ತೆ. ಮಲೇರಿಯಾ ಹೇಗೆ ಹರಡುತ್ತದೆ? ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ? ಪರದೆ ಬಳಸುತ್ತೀರಾ, ಹೌದು ಅಥವಾ ಇಲ್ಲ? ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡುತ್ತೀರಾ? ಉತ್ತರ ಕೂಡಿಸಿ, ಶೇಕಡಾವಾರು ತೆಗೆದು, ಕೊನೆಗೆ ಒಂದು ಶಿಫಾರಸು: ಆರೋಗ್ಯ ಶಿಕ್ಷಣ ಹೆಚ್ಚಬೇಕು. ಗೊತ್ತಿದ್ದೂ ಮಾಡದವರ ಸಂಖ್ಯೆ ಜಾಸ್ತಿ ಬಂದರೆ? ಆಗಲೂ ಬಹುತೇಕ ಅದೇ ಶಿಫಾರಸು. ಗೊತ್ತಿರೋರಿಗೇ ಇನ್ನೊಂದು ಸಲ ಹೇಳೋದು.

ಅದರಲ್ಲಿ ಇರಬೇಕಾದ ಪ್ರಶ್ನೆಗಳು ಬೇರೆ. ನಿಮ್ಮ ಓಣಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ಮನೇಲಿ ಎಷ್ಟು ಜನ, ಎಷ್ಟು ಕೋಣೆ? ಮೇ ತಿಂಗಳಲ್ಲಿ ಎಲ್ಲಿ ಮಲಗ್ತೀರಿ? ಜ್ವರ ಬಂದ ದಿನ ಕೂಲಿ ಯಾರು ಕೊಡ್ತಾರೆ? ರಕ್ತ ತೆಗೆದುಕೊಂಡು ಹೋದವರು ಫಲಿತಾಂಶ ಯಾವತ್ತು ತಂದ್ರು?

ಜೇವರ್ಗಿ ಕಡೆ ಇರೋ ನನ್ನ ಸೋದರತ್ತೆಗೆ ಅಕ್ಷರ ಬರಲ್ಲ. ಮಲೇರಿಯಾ ಬಗ್ಗೆ ಅವರು ಒಂದು ಸಲ ಹೇಳಿದ್ದು ಇದು: "ಸೊಳ್ಳಿ ಕಡದ್ರ ಬರ್ತದ ಅಂತ ಗೊತ್ತದಪ್ಪಾ. ಗೊತ್ತಿದ್ದು ಏನ್ ಮಾಡೋದದ? ನನಗ ಗೊತ್ತದ ಅಂತ ಸೊಳ್ಳಿಗಿ ಗೊತ್ತಿಲ್ಲಲ್ಲ!"

ಸರ್ವೇಯಲ್ಲಿ ಇವರಿಗೆ ತಿಳಿವಳಿಕೆ ಕಾಲಂನಲ್ಲಿ ಪೂರ್ತಿ ಅಂಕ, ರೂಢಿ ಕಾಲಂನಲ್ಲಿ ಸೊನ್ನೆ. ಎರಡರ ನಡುವಿನ ಅಂತರಕ್ಕೆ ವರದಿಯಲ್ಲಿ ಇಡೋ ಹೆಸರು "ನಿರ್ಲಕ್ಷ್ಯ".

ಇನ್ನು, ತಿಳಿವಳಿಕೆ ಅಂತ ಹಂಚ್ತಿರೋದಾದ್ರೂ ಸರಿ ಇದೆಯಾ? ಮಲೇರಿಯಾ ಎಲ್ಲಿಂದ ಬರುತ್ತೆ ಅಂತ ಊರಲ್ಲಿ ಯಾರನ್ನು ಕೇಳಿದರೂ ಗಟಾರ, ಕಸ, ಕೊಳಕು ಅಂತಾರೆ. ಕೋರಮಂಗಲದಲ್ಲಿ ಕೇಳಿದರೂ ಅದೇ ಉತ್ತರ. ದಶಕಗಳಿಂದ ಪೋಸ್ಟರುಗಳು ಕಲಿಸಿದ್ದು ಇದನ್ನೇ. ಆದರೆ ಗಟಾರದ ಕಪ್ಪು ನೀರಲ್ಲಿ ಹೆಚ್ಚಾಗಿ ಬೆಳೆಯೋದು ಕ್ಯೂಲೆಕ್ಸ್ ಸೊಳ್ಳೆ. ಅದು ಹರಡೋದು ಆನೆಕಾಲು ರೋಗ. ಆ ಕಾಟ ಕಲಬುರಗಿ ಜಿಲ್ಲೆಗೆ ಪ್ರತ್ಯೇಕವಾಗಿ ಇದೆ. ಡೆಂಗಿ ತರೋ ಈಡಿಸ್‌ಗೆ ಡ್ರಮ್ಮು, ಟೈರು, ತೆಂಗಿನ ಚಿಪ್ಪು ಸಾಕು. ಮಲೇರಿಯಾ ತರೋ ಅನಾಫಿಲಿಸ್‌ಗೆ ಸಾಮಾನ್ಯವಾಗಿ ಬೇಕಾದ್ದು ತಿಳಿನೀರು. ಹಳ್ಳಿಗಾಡಿನಲ್ಲಿ ಅದರ ಮುಖ್ಯ ಜಾತಿ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಹಳ್ಳದ ಮಡು, ಕಾಲುವೆಯಿಂದ ಸೋರಿ ನಿಂತ ನೀರು, ಬಾವಿ, ಮಳೆಗುಂಡಿ, ಇವು ಅದರ ಮನೆ. ಪಟ್ಟಣದ ಜಾತಿ ಅನಾಫಿಲಿಸ್ ಸ್ಟೀಫೆನ್ಸಿ. ಅದು ಓವರ್‌ಹೆಡ್ ಟ್ಯಾಂಕು, ಸಂಪು, ಕಟ್ಟಡದ ಕ್ಯೂರಿಂಗ್ ನೀರಲ್ಲಿ ಇರುತ್ತೆ.

ಈಗ ಮೂರು ತಾಲ್ಲೂಕುಗಳ ನಕ್ಷೆ ತೆಗೆದು ನೋಡಿ. ಅಫಜಲಪುರದಲ್ಲಿ ಭೀಮಾ ನದಿ, ಸೊನ್ನದ ಬ್ಯಾರೇಜು. ಆಳಂದದಲ್ಲಿ ಅಮರ್ಜಾ ಅಣೆಕಟ್ಟು. ಆ ಅಮರ್ಜಾ ಹರಿದು ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತೆ. ಜೇವರ್ಗಿಗೆ ಭೀಮೆಯೂ ಇದೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಯೂ ಇದೆ. ಹರಿವು ನಿಂತ ಮೇಲೆ ನದಿಪಾತ್ರದಲ್ಲಿ ಉಳಿಯೋ ಮಡುಗಳು, ಮರಳು ತೆಗೆದ ಗುಂಡಿಗಳು, ಕಾಲುವೆ ಬದಿಯ ಸೋರಿಕೆ. ನೀರಾವರಿ ಬಂದ ಕಡೆ ಮಲೇರಿಯಾ ಬರೋದು ಎಷ್ಟು ಹಳೆಯ ಕತೆ ಅಂದ್ರೆ, ತಜ್ಞರು ಅದಕ್ಕೆ "ನೀರಾವರಿ ಮಲೇರಿಯಾ" ಅಂತಾನೇ ಹೆಸರಿಟ್ಟಿದ್ದಾರೆ. ಇದರಲ್ಲಿ ಯಾವುದನ್ನು ಒಬ್ಬ ಗೃಹಿಣಿ ಪೊರಕೆ ಹಿಡಿದು ಗುಡಿಸಬೇಕು ಸ್ವಾಮಿ? ಕಾಲುವೆ ನೀರಾವರಿ ನಿಗಮದ್ದು. ಮರಳಿನ ಗುಂಡಿ ತೋಡಿದವರು ಯಾರು ಅಂತ ತಾಲ್ಲೂಕಿಗೆಲ್ಲ ಗೊತ್ತು. ಬಾವಿ, ಕುಂಟೆಗಳಿಗೆ ಲಾರ್ವಾ ತಿನ್ನೋ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡೋ ಕೆಲಸ ಕರ್ನಾಟಕದ ಹಳ್ಳಿಗಳಲ್ಲೇ ಆಗಿದೆ, ಫಲವನ್ನೂ ಕೊಟ್ಟಿದೆ. ಅದನ್ನು ಮಾಡಬೇಕಾದದ್ದು ಇಲಾಖೆ.

"ಸ್ವಚ್ಛತೆ" ಅನ್ನೋ ಪದದ ಅನುಕೂಲ ಇಲ್ಲಿದೆ. ಕಾಯಿಲೆಗೆ ಕಾರಣ ಕೊಳಕು ಅಂತಾದ ಕೂಡಲೇ ಕಾಯಿಲೆ ಬಿದ್ದವನು ಕೊಳಕ ಅಂತಾಗುತ್ತೆ. ಕಾಲುವೆ ಸೋರಿದ್ದು ಎಂಜಿನಿಯರ್ ತಪ್ಪು ಅಂತ ಯಾರೂ ಕೇಳಲ್ಲ. ಜ್ವರ ಬಂದವನೇ ತಲೆ ತಗ್ಗಿಸ್ತಾನೆ.

ನೀರಿನ ವಿಷಯಕ್ಕೆ ಬರೋಣ. ಪೋಸ್ಟರ್ ಹೇಳೋದು: ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ. ವೈಜ್ಞಾನಿಕವಾಗಿ ಸರಿಯಾದ ಮಾತು. ಮೊಟ್ಟೆ ಸೊಳ್ಳೆಯಾಗೋಕೆ ಹತ್ತಿರಹತ್ತಿರ ಒಂದು ವಾರದಿಂದ ಹತ್ತು ದಿನ ಬೇಕು. ನಡುವೆ ನೀರು ಚೆಲ್ಲಿದರೆ ಸರಪಳಿ ಕಡಿಯುತ್ತೆ. ಆದರೆ ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬರೋ ಕಡೆ ಇದು ಎಂಥ ಸಲಹೆ? ಅಂಗಳದಲ್ಲಿ ಸಾಲಾಗಿ ಇಟ್ಟ ಬ್ಯಾರಲ್ಲು, ಹಂಡೆ, ಕೊಡ, ಸಿಮೆಂಟಿನ ತೊಟ್ಟಿ ಆ ಮನೆಯ ಸೇವಿಂಗ್ಸ್ ಅಕೌಂಟು. ಮುಂದಿನ ಸಲ ನಳ ಯಾವಾಗ ಬರುತ್ತೋ ಗೊತ್ತಿಲ್ಲದಾಗ ಇದ್ದ ನೀರು ಚೆಲ್ಲಿ ಅಂತ ಹೇಳೋದು, ಸಂಬಳದ ತಾರೀಕು ಗೊತ್ತಿಲ್ಲದವನಿಗೆ ಅಕೌಂಟ್ ಖಾಲಿ ಮಾಡು ಅಂದಂಗೆ.

ಮುಚ್ಚಳ ಹಾಕಬಹುದಲ್ವಾ ಅಂತೀರಿ. ಹಾಕಬಹುದು, ಹಾಕ್ತಾರೆ ಕೂಡ. ಹಳೇ ಸೀರೆ ಕಟ್ಟಿದ ಬ್ಯಾರಲ್ಲುಗಳನ್ನ ನಮ್ಮ ಕಡೆ ಬೇಕಾದಷ್ಟು ನೋಡ್ತೀರಿ. ದಿನಕ್ಕೆ ಇಪ್ಪತ್ತು ಸಲ ತಂಬಿಗೆ ಅದ್ದೋ ತೊಟ್ಟಿಗೆ ಆ ಬಟ್ಟೆ ಎಷ್ಟು ಹೊತ್ತು ಬಿಗಿಯಾಗಿರುತ್ತೆ? ಜಲಜೀವನ್ ಮಿಷನ್ 2019ರಲ್ಲಿ ಶುರುವಾಯ್ತು. ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆಬಾಗಿಲಿಗೆ ಅನ್ನೋದು ಅದರ ಮಾತು. ಆ ಮಾತನ್ನು ದಿನವೂ, ಹೇಳಿದ ಹೊತ್ತಿಗೆ ಉಳಿಸಿಕೊಂಡರೆ ಬ್ಯಾರಲ್ಲುಗಳು ತಾವಾಗಿಯೇ ಅಂಗಳ ಬಿಡ್ತವೆ. ಅದಕ್ಕೆ ಒಂದು ಕರಪತ್ರವೂ ಬೇಡ. ನಲ್ಲಿ ನೆಟ್ಟು ಫೋಟೋ ತೆಗೆದು ನೀರು ಬಿಡದಿದ್ದರೆ, ಊರಿಗೆ ಇನ್ನೊಂದು ಕಂಬ ಬಂದಂತೆ ಅಷ್ಟೇ.

ಇಲ್ಲಿ ಒಂದು ಹಳೇ ಕತೆ ನೆನಪಾಗುತ್ತೆ. ಮಲೇರಿಯಾ ಮತ್ತು ಸೊಳ್ಳೆಯ ನಂಟನ್ನು ಹಿಡಿದುಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಯಾಕೆ ಇಷ್ಟು ಅಂತ ಹುಡುಕಿದಾಗ ಕಿಟಕಿ ಹೊರಗಿನ ಪೀಪಾಯಿಯ ನೀರಲ್ಲಿ ಮರಿಗಳು ಕಂಡವು. ನೀರು ಚೆಲ್ಲಿಸಿದ, ಕಾಟ ಕಡಿಮೆ ಆಯ್ತು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ. ಆಗ ನಮ್ಮ ಮೂರೂ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಕಲಬುರಗಿಯಿಂದ ಸಿಕಂದರಾಬಾದು ಇನ್ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ಹತ್ತಿರ ಸಿಕ್ಕ ಜ್ಞಾನ ಇನ್ನೂ ಜನಕ್ಕೆ ಮುಟ್ಟಿಲ್ಲ ಅನ್ನೋದು ಕತೆಯ ನೀತಿ ಅಂತ ಭಾಷಣಕಾರರು ಹೇಳಬಹುದು. ನಾನು ಓದಿಕೊಳ್ಳೋದು ಬೇರೆ ಥರ. ಸಾಹೇಬರು ಪೀಪಾಯಿ ಚೆಲ್ಲಿಸಬಹುದಿತ್ತು, ಯಾಕಂದ್ರೆ ದಂಡಿನ ಬಂಗಲೆಗಳಿಗೆ ನೀರು ಹೊತ್ತು ತರೋ ಭಿಸ್ತಿಗಳಿದ್ದರು. ಚೆಲ್ಲಿದ ನೀರನ್ನು ಮರಳಿ ತುಂಬೋರು ಇದ್ದಾಗ ಜ್ಞಾನ ಕೆಲಸಕ್ಕೆ ಬರುತ್ತೆ.

ಸೊಳ್ಳೆ ಪರದೆಗೆ ಬನ್ನಿ. ನಮ್ಮ ಕಡೆ ಮಚ್ಚರದಾನಿ ಅಂತೀವಿ. ಕೀಟನಾಶಕ ಲೇಪಿಸಿದ ಪರದೆ ನಿಜಕ್ಕೂ ಒಳ್ಳೇ ಆಯುಧ. ಸೊಳ್ಳೆಯನ್ನು ತಡೆಯುತ್ತೆ, ಮೇಲೆ ಕೂತದ್ದನ್ನು ಕೊಲ್ಲುತ್ತೆ, ಸರಿಯಾಗಿ ನೋಡಿಕೊಂಡರೆ ಹತ್ತಿರಹತ್ತಿರ ಮೂರು ವರ್ಷ ಬಾಳುತ್ತೆ. ಈಗ ಕಲಬುರಗಿ ಜಿಲ್ಲೆಯ ಮೇ ತಿಂಗಳು ಕಲ್ಪಿಸಿಕೊಳ್ಳಿ. ಹಗಲು 43, 44 ಡಿಗ್ರಿ. ಹಗಲೆಲ್ಲ ಕಾದ ಕಲ್ಲಿನ ಗೋಡೆ ರಾತ್ರಿಯಿಡೀ ಶಾಖ ಬಿಡುತ್ತೆ. ಕರೆಂಟು ಹೋಯ್ತೋ ಫ್ಯಾನೂ ಇಲ್ಲ. ಜನ ಹೊರಸು ಎತ್ತಿಕೊಂಡು ಅಂಗಳಕ್ಕೆ ಬರ್ತಾರೆ, ಇಲ್ಲಾ ಮಾಳಿಗಿ ಹತ್ತಿ ಸಾಲಾಗಿ ಮಲಗ್ತಾರೆ. ಮಾಳಿಗಿ ಮೇಲೆ ಪರದೆಯ ನಾಲ್ಕು ಮೂಲೆ ಎಲ್ಲಿಗೆ ಕಟ್ಟಬೇಕು? ಚುಕ್ಕಿಗಾ? ಹೇಗೋ ಕಟ್ಟಿದರೂ ಒಳಗೆ ಗಾಳಿ ಆಡಲ್ಲ. ಕೂಸು ಅಳುತ್ತೆ, ಬಾಳಂತಿ ಬೆವರುತ್ತಾಳೆ. ಇಬ್ಬರಿಗೆ ಒಂದು ಪರದೆ ಅನ್ನೋದು ಸರ್ಕಾರಿ ಲೆಕ್ಕ. ಒಂದೇ ಕೋಣೆಯಲ್ಲಿ ಏಳು ಜನ ಮಲಗೋ ಮನೆಗೆ ನಾಲ್ಕು ಪರದೆ ಕೊಟ್ಟರೂ ಕಟ್ಟೋಕೆ ಜಾಗ ಇಲ್ಲ. ಹಾಗಾಗಿ ಪರದೆ ಗಂಟಿನಲ್ಲಿ ಉಳಿಯುತ್ತೆ. ಸರ್ವೇಯವರು ಬಂದು "ಪರದೆ ಇದೆ, ಬಳಸುತ್ತಿಲ್ಲ" ಅಂತ ಬರೆದುಕೊಂಡು ಹೋಗ್ತಾರೆ.

ಮನೆಯೊಳಗೆ ಔಷಧ ಸಿಂಪಡಿಸೋ ಕೆಲಸವೂ ಹೀಗೇ. ಗೋಡೆಗೆ ಹೊಡೆದ ಔಷಧದ ಮೇಲೆ ಸೊಳ್ಳೆ ಕೂತು ಸಾಯಬೇಕು ಅನ್ನೋದು ಲೆಕ್ಕ. ಅದಕ್ಕಾಗಿ ಕೆಲವು ತಿಂಗಳು ಗೋಡೆಗೆ ಸುಣ್ಣ ಬಳಿಯಬಾರದು, ಸಗಣಿ ಸಾರಿಸಬಾರದು. ಸಿಂಪಡಿಸೋರು ಬರೋದು ಸಾಮಾನ್ಯವಾಗಿ ಹಗಲು, ಮನೆಯವರು ಹೊಲಕ್ಕೆ ಹೋದ ಹೊತ್ತಲ್ಲಿ. ಇದ್ದ ಒಬ್ಬ ಮುದುಕಿ ಎರಡು ತಾಸಿನಲ್ಲಿ ಜೋಳದ ಚೀಲ, ಹಾಸಿಗೆ, ದೇವರು, ಪಾತ್ರೆ ಎಲ್ಲ ಹೊರಗಿಡಬೇಕು. ವಾಸನೆ ಬೇರೆ, ಗೋಡೆಗೆ ಕಲೆ ಬೇರೆ. ಮುಂದೆ ಹಬ್ಬ ಬಂತು ಅಂದ್ರೆ ಮನೆ ಸಾರಿಸಲೇಬೇಕು, ಔಷಧ ಸಗಣಿಯ ಕೆಳಗೆ ಹೋಗುತ್ತೆ. ಪಂಚಾಂಗ ನೋಡಿ ಸಿಂಪಡಣೆಯ ದಿನ ಗೊತ್ತು ಮಾಡೋಕೆ, ಹಿಂದಿನ ದಿನ ಡಂಗುರ ಸಾರೋಕೆ ಖರ್ಚೆಷ್ಟು? ಅದನ್ನು ಮಾಡದೆ "ಜನ ಸಹಕರಿಸುವುದಿಲ್ಲ" ಅಂತ ಬರೆಯೋದು ಸುಲಭ.

ಹಾಗಾದ್ರೆ ತಿಳಿವಳಿಕೆಯೇ ಬೇಡ ಅಂತೀಯಾ ಅಂತ ಕೇಳೋರಿಗೆ ಒಂದು ಮಾತು. ಬೇಕು. ಎಲ್ಲಿ ಬೇಕು ಅಂದ್ರೆ, ಔಷಧದ ವಿಷಯದಲ್ಲಿ. ನಮ್ಮಲ್ಲಿ ಕಾಣೋ ಮಲೇರಿಯಾದಲ್ಲಿ ಮುಖ್ಯವಾಗಿ ಎರಡು ಬಗೆ. ಫಾಲ್ಸಿಪಾರಂ ಹೆಚ್ಚು ಅಪಾಯಕಾರಿ, ಬೇಗ ಕೊಲ್ಲಬಲ್ಲದು. ವೈವ್ಯಾಕ್ಸ್ ಕಳ್ಳ. ರಕ್ತದಲ್ಲಿ ಇರೋದನ್ನು ಕ್ಲೋರೋಕ್ವಿನ್ ಮೂರು ದಿನಕ್ಕೆ ಮುಗಿಸುತ್ತೆ, ಜ್ವರ ಬಿಡುತ್ತೆ. ಯಕೃತ್ತಿನಲ್ಲಿ ಅಡಗಿ ಕೂತದ್ದು ಮಾತ್ರ ಹಾಗೇ ಇರುತ್ತೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಬರುತ್ತೆ. ಅದನ್ನು ಕೊಲ್ಲೋಕೆ ಪ್ರೈಮಾಕ್ವಿನ್ 14 ದಿನ ತಗೋಬೇಕು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಅದನ್ನು ಕೊಡೋ ಹಾಗಿಲ್ಲ. ಹಾಗಾಗಿ ಮಾತ್ರೆ ಕೊಡೋರು ಕೇಳಿ, ನೋಡಿ ಕೊಡಬೇಕು. ಜ್ವರ ಬಿಟ್ಟ ಮೇಲೂ 14 ದಿನ ಮಾತ್ರೆ ನುಂಗಬೇಕು ಯಾಕೆ ಅನ್ನೋದು ಹೇಳಿಯೇ ತಿಳೀಬೇಕಾದ ವಿಷಯ. ಅಲ್ಲಿ ಮಾತು ಬೇಕು, ತಾಳ್ಮೆ ಬೇಕು, ಮತ್ತೆ ಮತ್ತೆ ಮನೆಗೆ ಹೋಗಬೇಕು.

ಆ ಮಾತನ್ನು ಯಾರು ಆಡಬೇಕು? ಆಶಾ ಕಾರ್ಯಕರ್ತೆ. ಜ್ವರದ ಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯೋಳು, 14 ದಿನ ಮಾತ್ರೆ ನುಂಗಿದ್ರಾ ಅಂತ ವಿಚಾರಿಸೋಳು ಅವಳೇ. ಒಂದು ರಕ್ತಲೇಪನಕ್ಕೆ 15 ರೂಪಾಯಿ ಪ್ರೋತ್ಸಾಹಧನ ಅನ್ನೋದು ವರ್ಷಗಟ್ಟಲೆ ನಡೆದುಬಂದ ದರ. ನೀವು ಕುಡಿಯೋ ಒಂದು ಕಾಫಿ ಬೆಲೆಯಲ್ಲಿ ಎಷ್ಟು ಮನೆಯ ರಕ್ತಪರೀಕ್ಷೆ ಆಗುತ್ತೆ ಲೆಕ್ಕ ಹಾಕಿ. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತಿದ್ದು ತಿಂಗಳಿಗೆ ಒಂದು ನಿಶ್ಚಿತ ಗೌರವಧನ ಕೊಡಿ ಅಂತ ಕೇಳೋಕೆ. ನಮ್ಮಲ್ಲಿ ಬಹಳ ಜನಕ್ಕೆ ಅದು ತಲುಪಿದ್ದು ಟ್ರಾಫಿಕ್ ಅಲರ್ಟ್ ರೂಪದಲ್ಲಿ.

ಇನ್ನು ನಮ್ಮ ವಿಷಯ. ಇದೇ ಕೆಎಪಿ ಸರ್ವೇಯನ್ನು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಾಡಿ ನೋಡಿ. ಅನಾಫಿಲಿಸ್ ಕಚ್ಚೋದು ಹಗಲೋ ರಾತ್ರಿಯೋ? ವೈವ್ಯಾಕ್ಸ್‌ಗೆ ಎಷ್ಟು ದಿನ ಮಾತ್ರೆ? ನಿಮ್ಮ ಟವರಿನ ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಕೊನೇ ಸಲ ಯಾರು ನೋಡಿದ್ರು? ಪಾಸಾಗೋರು ಎಷ್ಟು ಜನ? ಆದರೂ ನಮಗೆ ಮಲೇರಿಯಾ ಅಪರೂಪ. ನಮ್ಮ ಕಿಟಕಿಗೆ ಜಾಲರಿ ಇದೆ, ಗೋಡೆಗೆ ಆಲೌಟ್ ಇದೆ, ಮೇಲೆ ಫ್ಯಾನಿದೆ, ಕರೆಂಟ್ ಹೋದರೆ ಬ್ಯಾಕಪ್ ಇದೆ, ನಲ್ಲಿ ತಿರುಗಿಸಿದರೆ ನೀರಿದೆ, ಜ್ವರ ಬಂದರೆ ಸಿಕ್ ಲೀವ್ ಇದೆ. ಇವುಗಳಲ್ಲಿ ಒಂದಕ್ಕೂ ತಿಳಿವಳಿಕೆ ಬೇಕಾಗಿಲ್ಲ, ದುಡ್ಡು ಬೇಕು. ಮಲೇರಿಯಾ ಬಗ್ಗೆ ಏನೂ ಗೊತ್ತಿಲ್ಲದವರು ಆರಾಮಾಗಿದ್ದಾರೆ, ಗೊತ್ತಿರೋರು ಚಳಿಜ್ವರದಲ್ಲಿ ನಡುಗ್ತಾರೆ. ಹೀಗಿರುವಾಗ ಕೊರತೆ ಇರೋದು ತಿಳಿವಳಿಕೆಯದ್ದು ಅಂತ ಯಾವ ಬಾಯಲ್ಲಿ ಹೇಳೋದು? ಅದರ ಮೇಲೆ ಸಿಎಸ್‌ಆರ್ ಬಜೆಟ್ಟಿನಲ್ಲಿ ಟೀ ಶರ್ಟ್ ಹೊಲಿಸಿಕೊಂಡು, ಶನಿವಾರ ಬಸ್ಸು ಮಾಡಿಕೊಂಡು, ಹಳ್ಳಿಯವರಿಗೆ "ಅವೇರ್‌ನೆಸ್" ಕೊಡೋಕೆ ಹೋಗೋದು!

ಈ ಮೂರು ತಾಲ್ಲೂಕುಗಳಿಗೂ ನಮಗೂ ಇರೋ ನಂಟು ಅಷ್ಟೇ ಅಲ್ಲ. ಸುಗ್ಗಿ ಮುಗಿದ ಮೇಲೆ, ಬರ ಬಿದ್ದಾಗ, ಅಲ್ಲಿಂದ ಜನ ಗುಳೆ ಹೋಗ್ತಾರೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು. ನಿಮ್ಮ ಟೆಕ್‌ಪಾರ್ಕಿನ ಹಿಂದೆ ನೀಲಿ ಟಾರ್ಪಾಲಿನ್ ಹೊದ್ದ ಶೆಡ್ಡುಗಳ ಸಾಲು ಇದೆಯಲ್ಲ, ಅಲ್ಲಿ ಹೋಗಿ "ಯಾವೂರ್ರಿ?" ಅಂತ ಕೇಳಿ. ಕಲಬುರಗಿ, ಯಾದಗಿರಿ, ರಾಯಚೂರು ಅನ್ನೋ ಉತ್ತರ ಸಿಗೋಕೆ ಜಾಸ್ತಿ ಹೊತ್ತು ಬೇಡ. ಕ್ಯೂರಿಂಗ್ ನೀರು ನಿಂತ ಕಟ್ಟಡದಲ್ಲಿ, ಬಾಗಿಲಿಲ್ಲದ ಶೆಡ್ಡಿನಲ್ಲಿ ಮಲಗೋ ಆ ಮನುಷ್ಯನಿಗೆ ಮಲೇರಿಯಾ ಬಂದರೆ ಪಟ್ಟಣ ಹೇಳುತ್ತೆ, ಇವರು ಊರಿಂದ ತಂದ್ರು. ಅವನು ಊರಿಗೆ ಹೋದ ಮೇಲೆ ಬಂದರೆ ಊರವರು ಹೇಳ್ತಾರೆ, ಪಟ್ಟಣದಿಂದ ತಂದ. ಎರಡೂ ಕಡೆ ಅವನ ರಕ್ತಪರೀಕ್ಷೆ ಮಾಡಿಸೋರು ಇಲ್ಲ.

ಮಂಗಳೂರು ಈ ಬೈಗುಳದ ಹಂತ ದಾಟಿದ್ದು ಹೇಗೆ ಅಂತ ನೋಡಿ. 1990ರ ದಶಕದಿಂದ ಅಲ್ಲಿ ಕಟ್ಟಡಗಳು ಏಳ್ತಾ ಹೋದಂತೆ ಮಲೇರಿಯಾ ಏರಿತು. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ದಕ್ಷಿಣ ಕನ್ನಡದ್ದೇ ಇತ್ತು. ಸಾಕ್ಷರತೆಯಲ್ಲಿ, ಆಸ್ಪತ್ರೆಗಳ ಸಂಖ್ಯೆಯಲ್ಲಿ ರಾಜ್ಯಕ್ಕೇ ಮುಂದಿರೋ ಜಿಲ್ಲೆ ಅದು. ಓದು ಬರಹ ಮಲೇರಿಯಾ ತಡೆಯೋದಾಗಿದ್ರೆ ಅಲ್ಲಿ ಬರಲೇಬಾರದಿತ್ತು. 2015ರಲ್ಲಿ ಅಲ್ಲಿ ಟ್ಯಾಬ್ಲೆಟ್ಟಿನಲ್ಲಿ ನಡೆಯೋ ಒಂದು ಸಾಫ್ಟ್‌ವೇರ್ ವ್ಯವಸ್ಥೆ ತಂದರು. ನಿಮಗೆ ಅರ್ಥ ಆಗೋ ಭಾಷೆಯಲ್ಲಿ ಹೇಳ್ತೀನಿ: ಪ್ರತಿ ರೋಗಿಯೂ ಒಂದು ಟಿಕೆಟ್. ಪ್ರಯೋಗಾಲಯದಲ್ಲಿ ಪಾಸಿಟಿವ್ ಬಂದ ಕೂಡಲೇ ಟಿಕೆಟ್ ಓಪನ್, ಆ ವಾರ್ಡಿನ ಕಾರ್ಯಕರ್ತರಿಗೆ ಅಸೈನ್. ಅವರು ಮನೆಗೋ ಕಟ್ಟಡದ ಸೈಟಿಗೋ ಹೋಗಿ ಅಕ್ಕಪಕ್ಕದವರ ರಕ್ತ ನೋಡಿ, ನಿಂತ ನೀರು ಹುಡುಕಿ, ಮಾತ್ರೆ ಮುಗಿಯೋವರೆಗೂ ಬೆನ್ನು ಬಿದ್ದು, ಆಮೇಲೆ ಕ್ಲೋಸ್. ಮುಂದಿನ ಐದು ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ರೋಗಿಗೆ ಉಪದೇಶ ಮಾಡೋ ಬದಲು ವ್ಯವಸ್ಥೆ ತಾನೇ ರೋಗಿ ಇದ್ದಲ್ಲಿಗೆ ಹೋಯ್ತು.

ಈಗ ಯಾಕೆ ಇಷ್ಟು ಸಿಟ್ಟು, ಮಲೇರಿಯಾ ಕಡಿಮೆ ಆಗಿದೆಯಲ್ಲ ಅಂತ ನೀವು ಕೇಳಬಹುದು. ನಿಜ, ಆಗಿದೆ. ದೇಶದಲ್ಲಿ 2015ರಲ್ಲಿ 11 ಲಕ್ಷಕ್ಕೂ ಮೇಲಿದ್ದ ಪ್ರಕರಣ 2023ಕ್ಕೆ ಎರಡು ಲಕ್ಷ ಚಿಲ್ಲರೆಗೆ ಬಂದಿದೆ. 2027ಕ್ಕೆ ಸ್ಥಳೀಯವಾಗಿ ಹುಟ್ಟೋ ಪ್ರಕರಣ ಸೊನ್ನೆ, 2030ಕ್ಕೆ ಮಲೇರಿಯಾ ಮುಕ್ತ ಭಾರತ ಅನ್ನೋದು ಗುರಿ. ನನ್ನ ಭಯ ಇರೋದು ಇಲ್ಲೇ. ಯಾಕಂದ್ರೆ ಈ ಸಿನಿಮಾ ನಾವು ಒಮ್ಮೆ ನೋಡಿದ್ದೀವಿ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಅಂದಾಜು 7.5 ಕೋಟಿ ಜನಕ್ಕೆ ಮಲೇರಿಯಾ ಬರ್ತಿತ್ತು, 8 ಲಕ್ಷ ಜನ ಸಾಯ್ತಿದ್ದರು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾಗಿ 1960ರ ದಶಕದ ಮಧ್ಯದ ಹೊತ್ತಿಗೆ ಪ್ರಕರಣ ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಅಂದುಕೊಂಡರು. ನಿಗಾ ಸಡಿಲಾಯ್ತು, ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ ಪ್ರಕರಣ 64 ಲಕ್ಷ ದಾಟಿದವು. ಶ್ರೀಲಂಕಾದ ಕತೆಯೂ ಇಂಥದ್ದೇ: 1963ರಲ್ಲಿ ಇಡೀ ದೇಶದಲ್ಲಿ 17 ಪ್ರಕರಣ, ಅದೇ ದಶಕ ಮುಗಿಯೋದರೊಳಗೆ ಲಕ್ಷಗಟ್ಟಲೆ. ಅವರು ಪಾಠ ಕಲಿತರು. ಸಂಚಾರಿ ತಂಡಗಳನ್ನ ಇಟ್ಟುಕೊಂಡು, ಜ್ವರ ಇದ್ದವರನ್ನ ತಾವೇ ಹುಡುಕಿಕೊಂಡು ಹೋಗಿ ರಕ್ತ ನೋಡಿದರು. ಕೊನೆಯ ಸ್ಥಳೀಯ ಪ್ರಕರಣ 2012ರಲ್ಲಿ, ಮಲೇರಿಯಾ ಮುಕ್ತ ಅನ್ನೋ ಪ್ರಮಾಣಪತ್ರ 2016ರಲ್ಲಿ. ಮಧ್ಯೆ ದಶಕಗಳ ಯುದ್ಧ ನಡೆದಿದ್ದ ದೇಶ ಅದು.

ಕಡೆಯ ಕೆಲವು ಸಾವಿರ ಪ್ರಕರಣಗಳು ಯಾವಾಗಲೂ ನೀರಿಲ್ಲದ ಓಣಿಯಲ್ಲಿ, ಕಾಲುವೆ ಪಕ್ಕದ ತಾಂಡಾದಲ್ಲಿ, ಗುಳೆ ಹೋದವರ ಶೆಡ್ಡಿನಲ್ಲಿ ಉಳಿಯುತ್ತವೆ. ಸಂಖ್ಯೆ ಸಣ್ಣದಾದಷ್ಟೂ "ಇನ್ನೇನು, ಜನ ಸ್ವಲ್ಪ ಜಾಗೃತರಾದರೆ ಆಯ್ತು" ಅನ್ನೋದು ಸುಲಭ. ಆ ಮಾತು ಹೇಳಿ ಕೈ ಬಿಟ್ಟರೆ 1976 ಮತ್ತೆ ಬರೋದಕ್ಕೆ ಒಂದೆರಡು ಒಳ್ಳೇ ಮಳೆಗಾಲ ಸಾಕು.

ಹಾಗಾಗಿ ಕೇಳಬೇಕಾದ್ದು ಇಷ್ಟು. ನಳದ ನೀರಿಗೆ ವೇಳಾಪಟ್ಟಿ, ಅದು ತಪ್ಪಿದರೆ ಉತ್ತರ ಹೇಳೋಕೆ ಒಂದು ಹೆಸರು. ಆಶಾಗಳಿಗೆ ತಿಂಗಳು ತಿಂಗಳು ತಪ್ಪದ ಗೌರವಧನ, ಕೈಯಲ್ಲಿ ಸ್ಥಳದಲ್ಲೇ ಫಲಿತಾಂಶ ಕೊಡೋ ಪರೀಕ್ಷಾ ಕಿಟ್. ಕಾಲುವೆ ಸೋರಿಕೆಗೆ ನೀರಾವರಿ ನಿಗಮದ ಹೊಣೆ. ಹೊರಗೆ ಮಲಗೋರಿಗೆ ಹೊರಗೇ ನಿಲ್ಲಿಸಬಹುದಾದ ಪರದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಟ್ಟಡಗಳ ನಿರ್ಮಾಣ ವೆಚ್ಚದ ಮೇಲೆ 1% ಸೆಸ್ ಇದೆ, ಅದರಲ್ಲಿ ಸೈಟುಗಳಲ್ಲೇ ರಕ್ತಪರೀಕ್ಷೆ, ಶೆಡ್ಡುಗಳಿಗೆ ಜಾಲರಿ. ಇದರಲ್ಲಿ ಕೊನೆಯದನ್ನ ನೀವು ನಾಳೆಯೇ ಕೇಳಬಹುದು. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಏಳ್ತಿರೋ ಟವರಿನ ಬಿಲ್ಡರ್‌ಗೆ, ವಾರ್ಡಿನ ಆರೋಗ್ಯಾಧಿಕಾರಿಗೆ ಒಂದು ಮೇಲ್ ಹಾಕಿ. ಧೂಳು ಹಾರ್ತಿದೆ, ಶಬ್ದ ಆಗ್ತಿದೆ ಅಂತ ಹಾಕ್ತೀವಲ್ಲ, ಅಷ್ಟೇ ಜೋರಾಗಿ.

ಮುಂದಿನ ಜೂನ್‌ನಲ್ಲಿ ಜಾಥಾ ಮಾಡಲೇಬೇಕು ಅಂತಿದ್ರೆ ಮಾಡಿ. ಆಳಂದದಲ್ಲೋ ಅಫಜಲಪುರದಲ್ಲೋ ಜೇವರ್ಗಿಯಲ್ಲೋ ಮಕ್ಕಳನ್ನು ಓಣಿ ಓಣಿ ಸುತ್ತಿಸಬೇಡಿ, ಓಣಿಯವರಿಗೆ ವಿಷಯ ಗೊತ್ತಿದೆ. ನೀರು ಸರಬರಾಜು ಕಚೇರಿ, ನೀರಾವರಿ ಕಚೇರಿ, ತಾಲ್ಲೂಕು ಪಂಚಾಯಿತಿ ಇವುಗಳ ಮುಂದೆ ಸಾಲಾಗಿ ನಿಲ್ಲಿಸಿ, ಅದೇ ಘೋಷಣೆ ಕೂಗಿಸಿ. ಜಾಗೃತಿ ಮೂಡಬೇಕಾದ ಮನೆಗಳು ಅಲ್ಲಿವೆ.